ನಾಲ್ಕೂವರೆಯ ಟ್ರ್ಯಾಕ್ಟರು

ಅವನ ಸ್ವಂತ ಹೆಸರು ಗುರುತಿನ ಚೀಟಿಯಲ್ಲಿ ತಣ್ಣಗೆ ಮಲಗಿತ್ತು. ಜನರ ಬಾಯಲ್ಲಿ ಓಡಾಡುತ್ತಿದ್ದದ್ದು ಅರ್ಜೆಂಟಣ್ಣ ಎಂಬ ಹೆಸರು. ಮೂವತ್ತು ವರ್ಷದಿಂದ ಬಾಡಿಗೆಗೆ ಹೊಲ ಉತ್ತುಕೊಡುವುದು ಅವನ ಕಸುಬು. ದಾರಿಯಲ್ಲಿ ಯಾರಾದರೂ ತಡೆದು "ಹೇಗಿದ್ದೀಯಪ್ಪಾ" ಎಂದರೆ ಸಾಕು, ಕೈಗಡಿಯಾರ ನೋಡಿಕೊಂಡು, "ಈಗ ಮಾತಾಡೋಕೆ ಪುರುಸೊತ್ತಿಲ್ಲ, ಸ್ವಲ್ಪ ಅರ್ಜೆಂಟಿದೆ" ಎನ್ನುತ್ತಿದ್ದ. ಹಾಗೆಂದವನು ಅಲ್ಲೇ ಅರ್ಧ ಗಂಟೆ ನಿಂತು, ತನಗೆ ಯಾಕೆ ಪುರುಸೊತ್ತಿಲ್ಲ ಎಂಬುದನ್ನು ಎಳೆಎಳೆಯಾಗಿ ಬಿಡಿಸಿ ಹೇಳುತ್ತಿದ್ದ. ಕೈಗಡಿಯಾರ ಕೆಟ್ಟು ವರ್ಷವಾಗಿದ್ದಾಗಲೂ ಅದನ್ನು ನೋಡಿಕೊಳ್ಳುವುದನ್ನು ಬಿಟ್ಟಿರಲಿಲ್ಲ.

ಹಳೆಯ ಟ್ರ್ಯಾಕ್ಟರ್ ಇದ್ದ ಕಾಲದಲ್ಲಿ ಈ ಅರ್ಜೆಂಟಿಗೆ ಒಂದಿಷ್ಟು ಆಧಾರವಿತ್ತು. ಅದು ಮುದಿ ಎತ್ತಿನ ಜಾತಿ. ಒಂದು ಹೊಲ ಮುಗಿಸಲು ಎರಡು ದಿನ ತೆಗೆದುಕೊಳ್ಳುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿಯುತ್ತಿದ್ದುದರಿಂದ, ಒಮ್ಮೆ ಹೊತ್ತಿಕೊಂಡರೆ ಸಂಜೆಯವರೆಗೆ ಅವನು ಅದನ್ನು ಆರಿಸುತ್ತಲೇ ಇರಲಿಲ್ಲ. ಊಟಕ್ಕೆ ಕೂತಾಗಲೂ ಅದು ಬದುವಿನ ಮೇಲೆ ಗುಡುಗುಡು ಎನ್ನುತ್ತ, ಕರಿ ಹೊಗೆ ಉಗುಳುತ್ತ ನಿಂತಿರುತ್ತಿತ್ತು. "ಮಲಗಿರೋ ಮಗೂನ ಎಬ್ಬಿಸಬಾರದು, ಓಡ್ತಿರೋ ಇಂಜಿನ್ನ ಆರಿಸಬಾರದು" ಎಂಬುದು ಅವನ ಸಿದ್ಧಾಂತ. ಕೆಟ್ಟರೆ ಒಂದು ಸ್ಪ್ಯಾನರು, ಒಂದು ತುಂಡು ತಂತಿ, ನಾಲ್ಕು ಬೈಗುಳ. ಅಷ್ಟರಲ್ಲಿ ರಿಪೇರಿ ಮುಗಿಯುತ್ತಿತ್ತು.

ಹೊಸದು ಬಂದದ್ದು ಎರಡು ವರ್ಷದ ಹಿಂದೆ. ಗಾಜಿನ ಕ್ಯಾಬಿನ್ನು, ಒಳಗೆ ತಂಪು ಗಾಳಿ, ಸ್ಟೇರಿಂಗಿನ ಪಕ್ಕದಲ್ಲಿ ಅಂಗೈಯಗಲದ ಪರದೆ. ಡೀಸೆಲ್ ಟ್ಯಾಂಕಿನ ಮಗ್ಗುಲಲ್ಲಿ ನೀಲಿ ಮುಚ್ಚಳದ ಪುಟ್ಟ ಟ್ಯಾಂಕು ಇನ್ನೊಂದು. ಹೊಗೆಯ ವಿಷ ಕಡಿಮೆಯಾಗಲೆಂದು ಅದಕ್ಕೆ ನೀರಿನಂತೆ ಕಾಣುವ ಯೂರಿಯಾ ದ್ರವ ಸುರಿಯಬೇಕು. ಹೊಗೆ ಹೋಗುವ ಕೊಳವೆಯ ನಡುವೆ ಹಾಲಿನ ಕ್ಯಾನಿನಂಥ ದಪ್ಪನೆಯ ಡಬ್ಬಿ, ಅದರೊಳಗೆ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಫಿಲ್ಟರು. ಮೊದಲ ತಿಂಗಳು ಅರ್ಜೆಂಟಣ್ಣ ಉತ್ತದ್ದಕ್ಕಿಂತ ಪಾಠ ಹೇಳಿದ್ದೇ ಹೆಚ್ಚು. ಬಿಳಿ ಕರ್ಚೀಫನ್ನು ಹೊಗೆ ಕೊಳವೆಯ ಬಾಯಿಗೆ ಹಿಡಿದು, ಅದು ಬೆಳ್ಳಗೇ ಇರುವುದನ್ನು ನೆರೆದವರಿಗೆಲ್ಲ ತೋರಿಸಿ, "ನೋಡ್ರಪ್ಪಾ, ಇದರ ಹೊಗೇಲಿ ಬಟ್ಟೆ ಒಣಗಿಸಬಹುದು" ಎಂದು ಸಾರಿದ.

"ಹಾಗಾದ್ರೆ ನಾಳೆಯಿಂದ ನಮ್ಮನೆ ಬಟ್ಟೆ ಬುಟ್ಟೀನೂ ತಂದಿಡ್ತೀನಿ" ಎಂದವನು ವೆಲ್ಡಿಂಗಿನವನು. ಅರ್ಜೆಂಟಣ್ಣನ ಶೆಡ್ಡಿಗೆ ಎದುರಾಗಿ, ರಸ್ತೆಯ ಆಚೆ ಬದಿಗೆ ಅವನ ಅಂಗಡಿ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಅಂದರೆ ಒಂದೇ ಬೆಂಚಿನ ಮೇಲೆ ನಿಲ್ಲಿಸಿಕೊಂಡವರು.

ಟ್ರ್ಯಾಕ್ಟರಿನ ಜೊತೆ ಇನ್ನೂರು ಪುಟದ ಒಂದು ಪುಸ್ತಕವೂ ಬಂದಿತ್ತು. ಅದನ್ನು ಅವನು ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಬಹಳ ಗೌರವದಿಂದ ಬೀರುವಿನಲ್ಲಿಟ್ಟ.

ಹೊಸ ಟ್ರ್ಯಾಕ್ಟರಿನಲ್ಲಿ ಇದ್ದದ್ದು ಒಂದೇ ದೋಷ. ಅದು ಕೆಲಸ ಮುಗಿಸಿಬಿಡುತ್ತಿತ್ತು. ವಾರವಿಡೀ ಎಳೆಯುತ್ತಿದ್ದ ಕೆಲಸ ಎರಡು ದಿನಕ್ಕೆ ಮುಗಿದು, ಮೂರನೆಯ ದಿನ ಬೆಳಗಿನ ಟೀ ಕುಡಿದಾದ ಮೇಲೆ ಏನು ಮಾಡುವುದೆಂಬ ಪ್ರಶ್ನೆ ಅರ್ಜೆಂಟಣ್ಣನ ಎದುರು ಬಂದು ಕೂರುತ್ತಿತ್ತು. ಮನೆಯಲ್ಲಿ ಇನ್ನೊಬ್ಬರಿದ್ದರೆ ಅಂಥ ಪ್ರಶ್ನೆಗೆ ಉತ್ತರ ಅದಾಗಿಯೇ ಸಿಗುತ್ತದೆ. ಬಲ್ಬು ಬದಲಾಯಿಸಿ, ನಲ್ಲಿ ಸೋರ್ತಿದೆ ನೋಡಿ, ಹಾಗೆ ಅಡ್ಡ ನಿಲ್ಲಬೇಡಿ. ಆದರೆ ಟ್ರ್ಯಾಕ್ಟರ್ ಬಂದ ಎರಡನೆಯ ತಿಂಗಳಿಗೆ ಹೆಂಡತಿ ಮಗಳ ಹೆರಿಗೆಗೆಂದು ಹೋದಳು. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಮೂರು ತಿಂಗಳು ಎಂದು ಹೊರಟದ್ದು, ಮಗು ಹುಟ್ಟಿತು, ಮಗುವಿಗೆ ನೆಗಡಿಯಾಯಿತು, ಮಗುವಿಗೆ ಹಲ್ಲು ಬಂತು, ಮಗಳು ಮತ್ತೆ ಆಫೀಸಿಗೆ ಹೋಗತೊಡಗಿದಳು. ಯಾವ ದಿನವೂ ಯಾರೂ "ಇನ್ನು ಅವಳು ಅಲ್ಲೇ ಇರುತ್ತಾಳೆ" ಎಂದು ಹೇಳಿರಲಿಲ್ಲ. ನಾಳೆ ನೋಡೋಣ ಎನ್ನುವುದರಲ್ಲೇ ಒಂದೂ ಮುಕ್ಕಾಲು ವರ್ಷ ಸರಿದುಹೋಗಿತ್ತು.

ಮನೆ ಸಣ್ಣದೇನಲ್ಲ. ನಾಲ್ಕು ಕೋಣೆ. ಹೆಂಡತಿ ಹೋದ ಮೇಲೆ ಒಂದೊಂದೇ ಕೋಣೆಯ ದೀಪ ಹಾಕುವುದು ನಿಂತು, ಈಗ ಅವನು ವಾಸವಿದ್ದದ್ದು ಅಡುಗೆಮನೆಯ ಒಂದು ಮೂಲೆ ಮತ್ತು ನಡುಮನೆಯ ಒಂದು ಮಂಚ, ಇಷ್ಟರಲ್ಲೇ. ಒಂದೇ ತಟ್ಟೆ, ಒಂದೇ ಲೋಟ, ಉಂಡಾದ ಮೇಲೆ ತೊಳೆದು ಅಲ್ಲೇ ಬೋರಲು ಹಾಕುವುದು. ಒಮ್ಮೆ ಬೇಯಿಸಿದ್ದನ್ನು ಎರಡು ದಿನ ತಿನ್ನುವುದು. ಮೂರನೆಯ ದಿನವೂ ಉಳಿದರೆ ನಾಯಿಗೆ ಹಾಕುವುದು. ನಾಯಿ ಪಕ್ಕದ ಮನೆಯದು, ಅದೂ ಮೂಸಿ ನೋಡಿ ಹೊರಟುಹೋಗುತ್ತಿತ್ತು.

ಹೆಂಡತಿ ದಿನಾ ಸಂಜೆ ನಾಲ್ಕೂವರೆಗೆ ಫೋನ್ ಮಾಡುತ್ತಿದ್ದಳು. ಮಗು ಮಲಗುವ ಹೊತ್ತು ಅದು. ಮಗಳು, ಅಳಿಯ ಇಬ್ಬರೂ ಆಫೀಸಿನಲ್ಲಿ. ಮಗು ಏಳಬಾರದೆಂದು ಅವಳು ಪಿಸುದನಿಯಲ್ಲಿ ಮಾತಾಡುತ್ತಿದ್ದಳು. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಿದ್ದುದರಿಂದ ಆ ದಿನ ಫೋನಿಲ್ಲ.

ಮೊದಮೊದಲು ಅವನು ಮನೆಯಲ್ಲೇ ಕೂತು ಮಾತಾಡುತ್ತಿದ್ದ.

"ಊಟ ಆಯ್ತಾ?"

"ಆಯ್ತು."

"ಏನು ಮಾಡ್ಕೊಂಡ್ರಿ?"

"ಏನೋ ಒಂದು."

"ಈಗ ಏನು ಮಾಡ್ತಿದ್ದೀರಿ?"

"ಸುಮ್ನೆ ಕೂತಿದ್ದೀನಿ."

"ಒಬ್ಬರೇ? ಅಯ್ಯೋ ಪಾಪ."

ಆ "ಪಾಪ" ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮೂವತ್ತು ವರ್ಷ ಜನ ತನ್ನ ದಾರಿ ಕಾದದ್ದಿದೆ, ತನ್ನನ್ನು ಬೈದದ್ದಿದೆ, ಬೆನ್ನ ಹಿಂದೆ ನಕ್ಕದ್ದೂ ಇರಬಹುದು. ಪಾಪ ಎಂದವರು ಯಾರೂ ಇರಲಿಲ್ಲ. ಎರಡು ದಿನ ಅದನ್ನೇ ಮೆಲುಕು ಹಾಕಿದ. ಮೂರನೆಯ ದಿನ ಫೋನ್ ಬಂದಾಗ ಅವನು ಶೆಡ್ಡಿನಲ್ಲಿ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುತ್ತಿದ್ದ. ಇಂಜಿನ್ ಓಡುತ್ತಿತ್ತು.

"ಓ, ಕೆಲಸದಲ್ಲಿದ್ದೀರಾ? ಇಡ್ಲಾ?" ಎಂದಳು ಹೆಂಡತಿ. ದನಿಯಲ್ಲಿ ಪಾಪ ಇರಲಿಲ್ಲ. ಒಂದು ಬಗೆಯ ಮರ್ಯಾದೆ ಇತ್ತು, ನೆಮ್ಮದಿಯೂ ಇದ್ದ ಹಾಗೆ ಕೇಳಿಸಿತು.

"ಹೂಂ ಕಣೇ, ಹೊಲದಲ್ಲಿದ್ದೀನಿ. ಸ್ವಲ್ಪ ಅರ್ಜೆಂಟು" ಎಂದ ಅರ್ಜೆಂಟಣ್ಣ.

ಅಲ್ಲಿಂದ ಮುಂದೆ ಅದೊಂದು ಕಾಯಿದೆಯಾಯಿತು. ನಾಲ್ಕು ಗಂಟೆಗೆ ಅವನು ಅಂಗಿ ಬದಲಿಸಿ, ಮನೆಗೆ ಬೀಗ ಹಾಕಿ, ಮೂವತ್ತು ಹೆಜ್ಜೆ ದೂರದ ಶೆಡ್ಡಿಗೆ ಡ್ಯೂಟಿಗೆ ಹೋಗುವವನಂತೆ ನಡೆದು, ಕ್ಯಾಬಿನ್ನು ಹತ್ತಿ ಇಂಜಿನ್ ಚಾಲೂ ಮಾಡುತ್ತಿದ್ದ. ಇದರಲ್ಲೂ ತೊಡಕು ಇಲ್ಲದಿಲ್ಲ. ಹೊಸ ಕ್ಯಾಬಿನ್ನಿನ ಗಾಜು ಎಷ್ಟು ಗಟ್ಟಿಯೆಂದರೆ, ಬಾಗಿಲು ಹಾಕಿಕೊಂಡರೆ ಹೊರಗಿನ ಸದ್ದು ಒಳಗೆ ಬರುವುದೇ ಇಲ್ಲ. ಸದ್ದಿಲ್ಲ ಎಂಬ ಕಾರಣಕ್ಕೇ ಹೆಚ್ಚು ದುಡ್ಡು ಕೊಟ್ಟು ತೆಗೆದುಕೊಂಡ ಕ್ಯಾಬಿನ್ನು. ಈಗ ಸದ್ದು ಒಳಗೆ ಬರಲೆಂದು ಬಾಗಿಲನ್ನು ತೆರೆದು, ಅದು ಮುಚ್ಚಿಕೊಳ್ಳದ ಹಾಗೆ ಸಂದಿಗೊಂದು ಮರದ ತುಂಡು ಇಡಬೇಕಾಯಿತು. ಸದ್ದು ಹೆಚ್ಚಾದರೆ ಹೆಂಡತಿಯ ಪಿಸುಮಾತು ಕೇಳಿಸುವುದಿಲ್ಲ, ಕಡಿಮೆಯಾದರೆ ಹೊಲದಲ್ಲಿದ್ದೇನೆ ಎನ್ನುವ ಕಳೆ ಬರುವುದಿಲ್ಲ. ನಿಂತಲ್ಲೇ ನಿಧಾನ ಓಡುವ ಇಂಜಿನ್ನಿನ ಗುರುಗುರುವೇ ಹದವಾದದ್ದೆಂದು ನಾಲ್ಕೈದು ದಿನದ ಪ್ರಯೋಗದಲ್ಲಿ ಕಂಡುಕೊಂಡ.

ಫೋನು ನಾಲ್ಕೂವರೆಗೆ ಬಂದರೆ ಬಂತು. ಮಗು ತಡವಾಗಿ ಮಲಗಿದರೆ ಐದಾದೀತು. ಮಗು ಮಲಗದಿದ್ದರೆ ಇಲ್ಲವೇ ಇಲ್ಲ. ಅವನು ಐದೂವರೆವರೆಗೂ ಕೂತಿರುತ್ತಿದ್ದ, ಶೆಡ್ಡಿನ ಗೋಡೆಗೆ ಮುಖ ಮಾಡಿ, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು. ಗೋಡೆಯಲ್ಲಿ ಒಂದು ಬಿರುಕು ಕೆಳಗಿನಿಂದ ಹತ್ತಿ ಅರ್ಧಕ್ಕೆ ಬಂದು ಕವಲೊಡೆದಿತ್ತು. ಆ ಬಿರುಕಿನ ಒಂದೊಂದು ಕೊಂಕೂ ಅವನಿಗೆ ಬಾಯಿಪಾಠವಾಯಿತು. ಫೋನ್ ಬಾರದ ದಿನ ಇಂಜಿನ್ ಆರಿಸಲು ಕೈ ಬರುತ್ತಿರಲಿಲ್ಲ. ಆರಿಸಿದರೆ ಎಲ್ಲ ಕಡೆಯಿಂದಲೂ ಮೌನ ಬಂದು ಒಮ್ಮೆಗೇ ಕಿವಿ ಹಿಡಿಯುತ್ತಿತ್ತು.

ಒಂದೆರಡು ತಿಂಗಳಿಗೆ ಪರದೆಯ ಮೂಲೆಯಲ್ಲಿ ಒಂದು ಹಳದಿ ದೀಪ ಹೊತ್ತಿತು. ಹಿಂದೆಯೇ ಇಂಜಿನ್ ತನ್ನಷ್ಟಕ್ಕೆ ತಾನೇ ಬೊಬ್ಬಿಡಲು ಶುರುಮಾಡಿ, ಶೆಡ್ಡೆಲ್ಲ ಬಿಸಿಯಾಯಿತು. ಅದೇ ಹೊತ್ತಿಗೆ ಹೆಂಡತಿ ಏನೋ ಹೇಳುತ್ತಿದ್ದಳು, ಒಂದಕ್ಷರ ಕೇಳಿಸಲಿಲ್ಲ. ಅವನು ಗಾಬರಿಯಿಂದ ಪರದೆಯ ಕೆಳಗಿದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ಒಂದು ಗುಂಡಿ ಒತ್ತಿದಾಗ ಬೊಬ್ಬೆ ನಿಂತಿತು. ಆ ಮೇಲೆ ಯಾವಾಗ ಬೊಬ್ಬೆ ಶುರುವಾದರೂ ಅದೇ ಗುಂಡಿ. ಹಾಗೆ ಮಾಡಿದರೆ ಏನಾಗುತ್ತದೆ ಎಂಬುದು ಪುಸ್ತಕದಲ್ಲಿತ್ತು, ಪುಸ್ತಕ ಬೀರುವಿನಲ್ಲಿತ್ತು.

ಹೀಗಿರುವಾಗ ಒಂದು ಸಂಜೆ ಹೆಂಡತಿ ಎಂದಿಗಿಂತ ನಿಧಾನವಾಗಿ ಮಾತು ಶುರುಮಾಡಿದಳು.

"ರೀ, ಅಳಿಯಂದಿರು ಮನೆ ಮೇಲೆ ಒಂದು ಕೋಣೆ ಕಟ್ಟಿಸ್ತಾರಂತೆ."

"ಕಟ್ಟಿಸ್ಲಿ, ಒಳ್ಳೇದು."

"ನನಗೆ ಅಂತ. ನಾನು ಇಲ್ಲೇ ಇದ್ದುಬಿಟ್ರೆ ಎಲ್ಲರಿಗೂ ಅನುಕೂಲ ಅಂತಾರೆ. ನಾನು ಏನು ಹೇಳ್ಲಿ?"

ಅರ್ಜೆಂಟಣ್ಣನಿಗೆ ಗೋಡೆಯ ಬಿರುಕು ಎರಡಾಗಿ ಕಂಡಿತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬೇಡ, ಬಾ. ಎರಡೇ ಮಾತು. ಆದರೆ ಹಿಂದೆ ಇಂಜಿನ್ ಗುರುಗುಡುತ್ತಿತ್ತು, ಅವನು ಹೊಲದಲ್ಲಿದ್ದ, ಅವನಿಗೆ ತಲೆ ತುರಿಸಲೂ ಬಿಡುವಿರಲಿಲ್ಲ. ಅಂಥ ಮನುಷ್ಯ ಹೆಂಡತಿಯನ್ನು ಯಾಕೆ ಕರೆಯುತ್ತಾನೆ?

"ನಿನ್ನಿಷ್ಟ ಕಣೇ. ನನ್ನದೇನು ಚಿಂತೆ ಇಲ್ಲ. ಇಲ್ಲಿ ನನಗೆ ಉಸಿರಾಡೋಕೂ ಪುರುಸೊತ್ತಿಲ್ಲ."

"ಹೌದಾ" ಎಂದಳು ಅವಳು. "ಸರಿ, ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಇಟ್ಟಳು.

ಆ ದಿನ ಅವನು ಆರೂವರೆಯವರೆಗೆ ಇಂಜಿನ್ ಓಡಿಸುತ್ತ ಅಲ್ಲೇ ಕೂತಿದ್ದ. ಅದಾದ ಮೇಲೆ ಕೋಣೆಯ ಸುದ್ದಿ ಕಂತು ಕಂತಾಗಿ ಬರತೊಡಗಿತು. ಇಟ್ಟಿಗೆ ಬಂತು. ಗೋಡೆ ಎದೆಮಟ್ಟ ಎದ್ದಿತು. ಛಾವಣಿ ಹಾಕಿದರು. ಪ್ರತಿ ಕಂತಿಗೂ ಅವನು "ಭೇಷ್, ಗಟ್ಟಿಯಾಗಿ ಕಟ್ಟಿಸೋಕೆ ಹೇಳು" ಎನ್ನುತ್ತಿದ್ದ. ಪ್ರತಿ ಸಲವೂ ನಾಳೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದ. ಕೋಣೆಗೆ ಬಣ್ಣ ಹೊಡೆಯುವ ಮೊದಲು ಹೇಳಬೇಕು ಎಂಬಲ್ಲಿಗೆ ವಾಯಿದೆ ಬಂದು ನಿಂತಿತ್ತು.

ಅಷ್ಟರಲ್ಲಿ ಟ್ರ್ಯಾಕ್ಟರು ಕೈಕೊಟ್ಟಿತು. ನಿವೃತ್ತ ಮೇಷ್ಟ್ರೊಬ್ಬರ ಹೊಲದಲ್ಲಿ ನಾಲ್ಕನೆಯ ಸಾಲು ಹೊಡೆಯುತ್ತಿದ್ದಾಗ ಪರದೆಯಲ್ಲಿ ಕೆಂಪು ದೀಪ ಹೊತ್ತಿ, ಕಿವಿ ತೂತಾಗುವ ಹಾಗೆ ಸೀಟಿ ಕೇಳಿಸಿತು. ಇಂಜಿನ್ನಿನ ಶಕ್ತಿಯೆಲ್ಲ ಇಂಗಿಹೋಯಿತು. ನೇಗಿಲು ಮಣ್ಣಿನಲ್ಲಿ ಹೂತದ್ದು ಹೂತಂತೆಯೇ ನಿಂತಿತು. ಅವನು ನೇಗಿಲನ್ನು ಮೇಲೆತ್ತಿ, ಎಷ್ಟು ಒತ್ತಿದರೂ ನಡಿಗೆಗಿಂತ ವೇಗವಾಗಿ ಹೋಗದ ಗಾಡಿಯನ್ನು ಮನೆಯ ಕಡೆ ತಿರುಗಿಸಿದ. ಬಿಸಿಲಲ್ಲಿ, ಇಡೀ ಬೀದಿಯ ಎದುರು, ಮೆರವಣಿಗೆಯ ಹಾಗೆ. ಹಾಲು ಹಾಕುವವಳು ಸೈಕಲ್ಲಿನಲ್ಲಿ ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಏನಣ್ಣಾ, ಇವತ್ತು ಅರ್ಜೆಂಟಿಲ್ವಾ?" ಎಂದು ಕೇಳಿ ಹೋದಳು.

ಮಾರನೆಯ ದಿನ ಸರ್ವೀಸಿನವರ ವ್ಯಾನು ಬಂತು. ಅದರಿಂದ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಲ್ಯಾಪ್‌ಟಾಪು ಹಿಡಿದು ಇಳಿದಳು. ಅರ್ಜೆಂಟಣ್ಣ ಅವಳ ಹಿಂದೆ ಮೆಕ್ಯಾನಿಕ್ ಇಳಿಯುತ್ತಾನೆಂದು ವ್ಯಾನಿನ ಬಾಗಿಲನ್ನೇ ನೋಡುತ್ತ ನಿಂತ. ಯಾರೂ ಇಳಿಯಲಿಲ್ಲ.

"ಮೆಕ್ಯಾನಿಕ್ ಎಲ್ಲಮ್ಮಾ?"

"ನಾನೇ, ಯಜಮಾನ್ರೇ. ವೈರು ಎಲ್ಲಿ ಸಿಗಿಸೋದು ಅಂತ ನೀವು ತೋರಿಸ್ತೀರಾ, ನಾನೇ ಹುಡುಕ್ಲಾ?"

ಅವನಿಗೆ ಗೊತ್ತಿರಲಿಲ್ಲ. "ನೀನೇ ಹುಡುಕಮ್ಮಾ, ನನಗೆ ಸ್ವಲ್ಪ ಅರ್ಜೆಂಟಿದೆ" ಎಂದು ಅಲ್ಲೇ ನಿಂತುಕೊಂಡ. ಸದ್ದು ಕೇಳಿ ವೆಲ್ಡಿಂಗಿನವನೂ ರಸ್ತೆ ದಾಟಿ ಬಂದ. ಬೇರೆಯವರ ಗಾಡಿ ಕೆಟ್ಟಾಗ ನೋಡುವ ಸುಖ ಬೇರೆಯೇ.

ಅವಳು ಸೀಟಿನ ಕೆಳಗೆಲ್ಲೋ ವೈರು ಸಿಗಿಸಿ, ಸ್ವಲ್ಪ ಹೊತ್ತು ಓದಿಕೊಂಡಳು. ಹುಬ್ಬು ಮೇಲಕ್ಕೆ ಹೋಯಿತು.

"ಯಜಮಾನ್ರೇ, ಇದು ಒಟ್ಟು ಒಂಬೈನೂರ ಹತ್ತು ಗಂಟೆ ಓಡಿದೆ. ಅದರಲ್ಲಿ ನಾನೂರ ಎಂಬತ್ತು ಗಂಟೆ ನಿಂತಲ್ಲೇ ಓಡಿದೆ."

"ನಿಂತಲ್ಲೇ ಓಡಿದ್ದು ಅದಕ್ಕೆ ಹೇಗಮ್ಮಾ ಗೊತ್ತು?"

"ಎಲ್ಲಾ ಬರೆದಿಟ್ಕೊಳ್ಳುತ್ತೆ. ನೋಡಿ, ಹಳೇ ಗಾಡಿ ಹೊಗೇನ ಹೊರಗೆ ಬಿಡ್ತಿತ್ತು. ಇದು ಬಿಡಲ್ಲ, ಮಸೀನ ಫಿಲ್ಟರಲ್ಲಿ ಹಿಡಿದಿಟ್ಕೊಳ್ಳುತ್ತೆ. ಮೈಮುರಿದು ದುಡಿಸಿದ್ರೆ ಆ ಬಿಸಿಗೇ ಮಸಿ ಸುಟ್ಟುಹೋಗುತ್ತೆ. ಸುಮ್ನೆ ನಿಲ್ಲಿಸ್ಕೊಂಡು ಓಡಿಸ್ತಾ ಇದ್ರೆ ಬಿಸಿ ಸಾಲಲ್ಲ, ಮಸಿ ತುಂಬ್ಕೊಳ್ಳುತ್ತೆ. ಆಗ ಅದೇ ಜೋರು ಮಾಡ್ಕೊಂಡು ಸುಡೋಕೆ ನೋಡುತ್ತೆ. ಹಾಗೆ ನೋಡಿದಾಗಲೆಲ್ಲ ಯಾರೋ ಬೇಡ ಅಂತ ಗುಂಡಿ ಒತ್ತಿದ್ದಾರೆ. ಎಂಬತ್ತೇಳು ಸಲ."

"ಯಾರೋ ಅಲ್ಲಮ್ಮ" ಎಂದ ಅರ್ಜೆಂಟಣ್ಣ. ಮುಂದಿನ ಮಾತು ಬೇಕಿರಲಿಲ್ಲ.

ಅವಳು ಪಟ್ಟಿಯನ್ನು ಕೆಳಕ್ಕೆ ಸರಿಸುತ್ತ ಹೋದಳು. "ವಿಚಿತ್ರ ಅಂದ್ರೆ, ಒಂದು ದಿನ ಬಿಟ್ರೆ ಎಲ್ಲಾ ಸಂಜೆ ನಾಲ್ಕರಿಂದ ಐದೂವರೆ ಒಳಗೆ. ಭಾನುವಾರ ಒಂದೂ ಇಲ್ಲ. ದಿನಾ ನಾಲ್ಕೂವರೆಗೆ ಇಲ್ಲಿ ಏನು ನಡೆಯುತ್ತೆ, ಯಜಮಾನ್ರೇ?"

"ಬ್ಯಾಟರಿ ಚಾರ್ಜಾಗ್ಲಿ ಅಂತ."

"ದಿನಾ ಒಂದೂವರೆ ಗಂಟೆ?"

"ಇಂಜಿನ್ ಬಿಸಿ ಮಾಡ್ಕೊಬೇಕಲ್ಲಮ್ಮ."

"ಕೆಲಸಕ್ಕೆ ಹೋಗೋದು ಬೆಳಿಗ್ಗೆ, ಬಿಸಿ ಮಾಡೋದು ಸಂಜೆನಾ?"

"ಒಳಗೆ ತಂಪಾಗಿರುತ್ತೆ. ಹಾಗಾಗಿ ಸ್ವಲ್ಪ ಹೊತ್ತು..."

"ಬಾಗಿಲು ತೆಗೆದಿತ್ತು ಅಂತಾನೂ ಇದರಲ್ಲಿ ಬರೆದಿದೆ" ಎಂದಳು ಅವಳು. ದನಿಯಲ್ಲಿ ಚುಚ್ಚುವ ಭಾವವೇನಿರಲಿಲ್ಲ, ಇದ್ದದ್ದನ್ನು ಓದಿದಳು, ಅಷ್ಟೆ. "ನಾನು ಕಾರಣ ಅಂತ ಒಂದು ಸಾಲು ಬರೀಲೇಬೇಕು. ಇಲ್ಲದಿದ್ರೆ ಮೇಲಿನವರು ನನ್ನನ್ನ ಕೇಳ್ತಾರೆ."

ವೆಲ್ಡಿಂಗಿನವನು ಕೆಮ್ಮಿದ. "ಬರ್ಕೊಳ್ಳಿ ಮೇಡಂ, ಸಂಸಾರ ತಾಪತ್ರಯ ಅಂತ. ಅದು ಇವನ ಹೆಂಡತಿ ಫೋನ್ ಮಾಡೋ ಹೊತ್ತು."

ಯಾರೂ ನಗಲಿಲ್ಲ. ವೆಲ್ಡಿಂಗಿನವನೇ ತಮಾಷೆ ಮಾಡಹೊರಟವನು, ಅರ್ಧಕ್ಕೆ ನಿಲ್ಲಿಸಿ ಚಪ್ಪಲಿ ನೋಡಿಕೊಂಡ. ಅವಳು ಸ್ವಲ್ಪ ಯೋಚಿಸಿ ಏನೋ ಬರೆದು ಲ್ಯಾಪ್‌ಟಾಪು ಮುಚ್ಚಿದಳು. ಏನು ಬರೆದಳೆಂದು ಅರ್ಜೆಂಟಣ್ಣ ಕೇಳಲಿಲ್ಲ. ಆ ಮೇಲೆ ಅವಳು ಎರಡು ಗಂಟೆ ಒದ್ದಾಡಿ ಫಿಲ್ಟರಿನ ಡಬ್ಬಿಯನ್ನು ಕಳಚಿ, ವ್ಯಾನಿಗೆ ಹಾಕಿಕೊಂಡಳು. ಅದನ್ನು ಒಲೆಯಂಥದ್ದರಲ್ಲಿಟ್ಟು ಸುಟ್ಟು ತೆಗೆಯಬೇಕಂತೆ, ನಾಲ್ಕು ದಿನ ಹಿಡಿಯುತ್ತದಂತೆ. ಹೊರಡುವಾಗ ಕೈ ಚಾಚಿದಳು.

"ಕೀ ಕೊಡಿ, ಯಜಮಾನ್ರೇ."

"ಕೀ ಯಾಕಮ್ಮ?"

"ನಾಲ್ಕೂವರೆಗೆ ನಿಮ್ಮ ಕೈ ಸುಮ್ಮನಿರಲ್ಲ. ಫಿಲ್ಟರ್ ಇಲ್ಲದೆ ಓಡಿಸಬಾರದು."

ಕೊಟ್ಟ.

ವ್ಯಾನು ಹೋದ ಮೇಲೆ ಇಬ್ಬರೂ ಶೆಡ್ಡಿನ ಮುಂದೆ ಕಲ್ಲಿನ ಮೇಲೆ ಕೂತರು. ಅರ್ಜೆಂಟಣ್ಣ ಗೆಳೆಯನ ಕಡೆ ತಿರುಗಿದ.

"ನಿಂಗೆ ಹೇಗೆ ಗೊತ್ತಾಯ್ತು?"

"ಬೀದಿಗೇ ಗೊತ್ತು ಕಣಯ್ಯ. ಬಾಗಿಲು ತೆಗೆದಿಟ್ಕೊಂಡು 'ಹೊಲದಲ್ಲಿದ್ದೀನಿ ಕಣೇ' ಅಂತ ಗೋಡೆಗೆ ಕೂಗ್ತೀಯಲ್ಲ, ನಾನೇನು ಕಿವುಡನಾ? ನೀನು ಸ್ಟಾರ್ಟ್ ಮಾಡಿದ ತಕ್ಷಣ ನಾನು ಟೀಗೆ ನೀರಿಡ್ತೀನಿ. ಗಡಿಯಾರ ನೋಡೋ ಕಷ್ಟ ತಪ್ಪಿತ್ತು."

"ಅವಳಿಗೂ ಗೊತ್ತಿರಬಹುದಾ?"

"ನಿನ್ನ ಜೊತೆ ಇಪ್ಪತ್ತೊಂಬತ್ತು ವರ್ಷ ಬಾಳಿದವಳು. ನನ್ನ ಕೇಳ್ತೀಯಲ್ಲ."

ವೆಲ್ಡಿಂಗಿನವನು ಎದ್ದು ಪ್ಯಾಂಟು ಕೊಡವಿಕೊಂಡ. ರಸ್ತೆಯ ಮಧ್ಯದವರೆಗೆ ಹೋದವನು ತಿರುಗಿ ನಿಂತ. "ನೋಡು, ನಾಲ್ಕು ದಿನದ ಮಟ್ಟಿಗೆ ಬೇಕಾದ್ರೆ ನಾನು ಗ್ರೈಂಡರ್ ಹಾಕ್ತೀನಿ. ದೂರದಿಂದ ಕೇಳಿದ್ರೆ ಅದೂ ಒಂಥರಾ ಟ್ರ್ಯಾಕ್ಟರೇ."

"ಹೋಗಯ್ಯ" ಎಂದ ಅರ್ಜೆಂಟಣ್ಣ. ಆದರೆ ಆ ಮಾತನ್ನು ತಳ್ಳಿಹಾಕುವ ಮೊದಲು ಒಂದು ಕ್ಷಣ ಯೋಚಿಸಿದ್ದು ಸುಳ್ಳಲ್ಲ.

ನಾಲ್ಕು ಗಂಟೆಯಾಯಿತು. ಕಾಲುಗಳು ಅಭ್ಯಾಸದಂತೆ ಶೆಡ್ಡಿನ ಕಡೆ ನಾಲ್ಕು ಹೆಜ್ಜೆ ಹೋಗಿ ವಾಪಸಾದವು. ಅವನು ಅಡುಗೆಮನೆಯಲ್ಲಿ ಮೇಜಿನ ಮುಂದೆ ಕೂ‍ತ. ಫೋನನ್ನು ಮೇಜಿನ ಮೇಲಿಟ್ಟ, ತೀರ ಹತ್ತಿರವಾಯಿತೆನಿಸಿ ಸ್ವಲ್ಪ ಆಚೆ ತಳ್ಳಿದ. ಮನೆಯಲ್ಲಿ ಇಷ್ಟೊಂದು ಸದ್ದುಗಳಿವೆಯೆಂದು ಅವನಿಗೆ ಗೊತ್ತಿರಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಫ್ರಿಜ್ಜು ನಡುಗಿ ನಿಂತಿತು. ನಡುಮನೆಯ ಕಿಟಕಿಯ ಪರದೆಯ ಉಂಗುರವೊಂದು ಗಾಳಿಗೆ ಕಂಬಿಗೆ ತಗುಲಿ, ಸ್ವಲ್ಪ ಸುಮ್ಮನಿದ್ದು, ಮತ್ತೆ ತಗುಲುತ್ತಿತ್ತು.

ಫೋನು ಬಡಿದುಕೊಂಡಿತು. ಅವನು ಎತ್ತಲಿಲ್ಲ. ಎತ್ತಿದರೆ ಈ ನಲ್ಲಿಯ ಸದ್ದು ಅವಳಿಗೆ ಕೇಳಿಸುತ್ತದೆ ಎನಿಸಿತು. ಬಡಿದು ಬಡಿದು ನಿಂತಿತು. ಈಗೇನು, ನಾಳೆ ಹೇಳಿದರಾಯಿತು, ಫೋನು ಕೇಳಿಸಲಿಲ್ಲ, ಅಷ್ಟು ಕೆಲಸ ಅಂತ. ಹೀಗೆ ಅಂದುಕೊಳ್ಳುತ್ತಿದ್ದ ಹಾಗೆಯೇ ಅದು ಮತ್ತೆ ಬಡಿದುಕೊಂಡಿತು. ಒಂದೂ ಮುಕ್ಕಾಲು ವರ್ಷದಲ್ಲಿ ಅವಳು ಎರಡನೆಯ ಸಲ ಮಾಡಿದವಳಲ್ಲ. ಎತ್ತಿದ.

"ಹಲೋ." ತನ್ನ ದನಿ ತನಗೇ ಕೂಗಿದ ಹಾಗೆ ಕೇಳಿಸಿತು.



"ಏನ್ರೀ, ಹುಷಾರಿಲ್ವಾ?"

"ಹುಷಾರಾಗಿದ್ದೀನಿ."

"ಮತ್ತೆ ಸದ್ದೇ ಇಲ್ವಲ್ಲ. ಟ್ರ್ಯಾಕ್ಟರ್ ಎಲ್ಲಿ?"

"ಕೆಟ್ಟಿದೆ. ಮಸಿ ತುಂಬ್ಕೊಂಡಿದೆಯಂತೆ. ನಿಲ್ಲಿಸ್ಕೊಂಡು ಓಡಿಸಿ ಓಡಿಸಿ ನಾನೇ ಕೆಡಿಸಿದ್ದು."

"ನಿಲ್ಲಿಸ್ಕೊಂಡು ಯಾಕೆ ಓಡಿಸಿದ್ರಿ? ಹೊಲದಲ್ಲಿ ಇದ್ರಲ್ಲ."

"ಹೊಲದಲ್ಲಿ ಇರಲಿಲ್ಲ ಕಣೇ. ಶೆಡ್ಡಲ್ಲೇ ಇದ್ದೆ."

"ಯಾವತ್ತು?"

"ಎಲ್ಲಾ ದಿನ. ನಾನೂರ ಎಂಬತ್ತು ಗಂಟೆ ಅಂತೆ. ಕಂಪ್ಯೂಟರಲ್ಲಿ ಬಂತು."

ಅವಳು ನಕ್ಕರೆ ಚೆನ್ನಾಗಿತ್ತು. ಬೈದರೂ ಚೆನ್ನಾಗಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಅವನು ಮೇಜಿನ ಅಂಚಿನಲ್ಲಿ ಎದ್ದಿದ್ದ ಒಂದು ಸಿಬಿರನ್ನು ಉಗುರಿನಿಂದ ಕೀಳುತ್ತ ಕಾದ.

"ಧೋ ಅಂತ ಮಳೆ ಸುರೀತಿರೋ ದಿನಾನೂ ಉಳ್ತಿದ್ರಿ" ಎಂದಳು ಕೊನೆಗೆ, ಅದೇ ಪಿಸುದನಿಯಲ್ಲಿ. "ಟೀವಿಯಲ್ಲಿ ಆ ಕಡೆ ಮಳೆ ಅಂತ ತೋರಿಸ್ತಿದ್ರು. ನೀವು ಹೊಲ ಅಂತಿದ್ರಿ. ಆಗಲೇ ನನಗೆ ಅನುಮಾನ ಬಂದಿತ್ತು."

"ಮತ್ತೆ ಕೇಳಬಾರದಿತ್ತಾ?"

"ಕೇಳಿ? ನೀವು ಅಲ್ಲಿ ಸುಮ್ನೆ ಕೂತಿದ್ದೀರಿ ಅಂತ ಗೊತ್ತಾದ್ರೆ ನಾನು ಎದ್ದು ಬರಬೇಕಾಗ್ತಿತ್ತು. ಇಲ್ಲಿ ಪಾಪೂನ ಬಿಟ್ಟು ಹೇಗೆ ಬರ್ಲಿ? ಅದಕ್ಕೇ, ನಿಮಗೆ ಪುರುಸೊತ್ತಿಲ್ಲ ಅನ್ನೋದನ್ನೇ ನಂಬೋಣ ಅಂದ್ಕೊಂಡೆ."

ಇದು ಅವನ ಲೆಕ್ಕದಲ್ಲೇ ಇರಲಿಲ್ಲ. ತಾನೊಬ್ಬನೇ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದ. ಅದನ್ನು ಆ ಕಡೆಯಿಂದ ಇನ್ನೊಬ್ಬರು ಹಿಡಿದೆತ್ತಿ ನಿಲ್ಲಿಸಿದ್ದರು.

"ಕೋಣೆ ಎಲ್ಲಿಗೆ ಬಂತು?" ಎಂದು ಕೇಳಿದ.

"ಮೊನ್ನೆ ಬಣ್ಣ ಹೊಡೆದ್ರು. ತಿಳಿ ಹಸಿರು. ದೊಡ್ಡ ಕಿಟಕಿ ಇದೆ."

"ಚೆನ್ನಾಗಿದೆಯಾ?"

"ಚೆನ್ನಾಗೇ ಇದೆ."

ಬಣ್ಣಕ್ಕೆ ಮೊದಲು ಎಂದು ಇಟ್ಟುಕೊಂಡಿದ್ದ ವಾಯಿದೆ ದಾಟಿಹೋಗಿತ್ತು. ಅವನು ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿದ. ಹೇಳಬೇಕಾದದ್ದನ್ನು ಎಲ್ಲಿಂದ ಎತ್ತಿಕೊಳ್ಳುವುದೆಂದು ಹುಡುಕುತ್ತಿದ್ದಾಗ ಅವಳೇ ಮತ್ತೆ ಮಾತಾಡಿದಳು.

"ಲೈನಲ್ಲಿದ್ದೀರಾ? ಅಲ್ಲಿ ಏನೂ ಕೇಳಿಸ್ತಿಲ್ಲ."

"ಇಲ್ಲಿ ಏನೂ ಇಲ್ಲ ಕಣೇ. ಅದನ್ನೇ ಹೇಳ್ತಿದ್ದೀನಿ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಇಷ್ಟು ದಿನ ಇಂಜಿನ್ನಿನ ಸದ್ದಿನಲ್ಲಿ ಅವಳ ಉಸಿರು ಅವನಿಗೆ ಒಮ್ಮೆಯೂ ಕೇಳಿಸಿರಲಿಲ್ಲ. ಅವಳ ಹಿಂದೆ ಎಲ್ಲೋ ಮಗು ನಿದ್ದೆಯಲ್ಲಿ ಏನೋ ಗೊಣಗಿತು. ಅವಳು ಎದ್ದು ಹೋಗಿ ತಟ್ಟಿ ಬಂದಳು. ಚಪ್ಪಲಿಯ ಸದ್ದು ಹೋಗಿ, ಚಪ್ಪಲಿಯ ಸದ್ದು ವಾಪಸು ಬಂತು. ಅಷ್ಟು ಹೊತ್ತೂ ಇಬ್ಬರೂ ಫೋನ್ ಇಡಲಿಲ್ಲ.

"ಊಟಕ್ಕೆ ಏನು ಮಾಡ್ಕೊಂಡಿದ್ರಿ ಇವತ್ತು?" ಎಂದು ಕೇಳಿದಳು.

"ಏನೋ" ಎಂದವನು ನಿಲ್ಲಿಸಿ, "ನಿನ್ನೇದು ಇತ್ತು, ಅದನ್ನೇ ತಿಂದೆ. ಹಳಸಿತ್ತು" ಎಂದ.

"ತಿಂದ್ರಾ?"

"ಅರ್ಧ ತಿಂದೆ."

"ಹಿಂದಿನ ಬಾಗಿಲ ಚಿಲಕ ಇನ್ನೂ ಹಾಗೇ ಇದೆಯಾ? ನಾನು ಬರೋವಾಗ ಬೀಳೋ ಹಾಗಿತ್ತು."

"ಹಾಗೇ ಇದೆ."

"ನಾನು ಬರೋ ಹೊತ್ತಿಗೆ ಸರಿ ಮಾಡಿಸಿರಿ."

ಅರ್ಜೆಂಟಣ್ಣನಿಗೆ ಆ ಮಾತು ಕಿವಿಯಿಂದ ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಯಾವಾಗ ಬರ್ತೀಯ?" ಎಂದು ಕೇಳಿದಾಗ ದನಿ ಒಡೆದು ಬಂತು. ಅವಳು ಅದನ್ನು ಕೇಳಿಸಿಕೊಂಡರೂ ಕೇಳಿಸಿಕೊಳ್ಳದವಳ ಹಾಗೆ ಇದ್ದಳು.

"ಈಗಲೇ ಅಲ್ಲ. ಇಲ್ಲಿ ಶಿಶುವಿಹಾರದವರು ಎರಡು ವರ್ಷ ತುಂಬದೆ ಮಕ್ಕಳನ್ನ ತಗೊಳ್ಳಲ್ಲ. ಪಾಪುಗೆ ಇನ್ನೂ ಮೂರು ತಿಂಗಳಿದೆ. ಅಲ್ಲೀವರೆಗೆ ನಾನು ಇರಲೇಬೇಕು."

"ಕೋಣೆ?"

"ಕೋಣೆಗೇನು, ನಾವಿಬ್ಬರೂ ಬಂದಾಗ ಇರೋಕಾಗುತ್ತೆ. ಅಳಿಯಂದಿರಿಗೆ ನಾನು ಹೇಳ್ತೀನಿ. ಮಗಳಿಗೆ ಸ್ವಲ್ಪ ಬೇಜಾರಾಗುತ್ತೆ. ಆಗ್ಲಿ."

ಮಗು ಎದ್ದು ಅಳತೊಡಗಿತು. ಅವಳು "ಇಡ್ತೀನಿ" ಎಂದಳು, ಇಟ್ಟಳು. ಮೂವತ್ತೆಂಟು ನಿಮಿಷ ಮಾತಾಡಿದ್ದರು. ಹಿಂದಿನ ಯಾವ ಫೋನೂ ಐದು ನಿಮಿಷ ದಾಟಿದ್ದಿಲ್ಲ.

ಅವನು ಅದೇ ಸಂಜೆ ಸ್ಕ್ರೂಡ್ರೈವರು ಹುಡುಕಿ ತಂದು ಹಿಂದಿನ ಬಾಗಿಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಚಿಲಕದ ನಾಲ್ಕು ತಿರುಪುಗಳಲ್ಲಿ ಎರಡು ಬಿದ್ದೇ ಹೋಗಿದ್ದವು. ವೆಲ್ಡಿಂಗಿನವನ ಹತ್ತಿರ ಬೇರೆ ಎರಡು ಇಸಕೊಂಡು ಬಂದು, ಬಿಗಿದು, ಎಣ್ಣೆ ಬಿಟ್ಟು, ನಾಲ್ಕೈದು ಸಲ ಹಾಕಿ ತೆಗೆದು ನೋಡಿದ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಎದ್ದು ನಿಂತು, ಇನ್ನು ಮೂರು ತಿಂಗಳು ಏನು ಮಾಡುವುದೆಂದು ಮನೆಯೊಳಗೆ ಸುತ್ತಲೂ ನೋಡಿದ. ದೀಪ ಹಾಕದೆ ಬಿಟ್ಟಿದ್ದ ಕೋಣೆಗಳಲ್ಲಿ ಆಗಲೇ ಕತ್ತಲು ಸೇರುತ್ತಿತ್ತು. ಅಡುಗೆಮನೆಯ ಅಟ್ಟದ ಮೇಲೆ ಹೆಂಡತಿಯ ದೊಡ್ಡ ಪಾತ್ರೆಗಳು ಬೆರಳು ದಪ್ಪದ ದೂಳು ಹೊದ್ದು ಕೂತಿದ್ದವು. ಅವನು ಸ್ಟೂಲನ್ನು ಎಳೆದುಕೊಂಡು, ಅವನ್ನು ಒಂದೊಂದಾಗಿ ಕೆಳಗಿಳಿಸತೊಡಗಿದ.